ನಾಣ್ಯವನ್ನು ಗೀರದೆ ಲೇಪ ಪತ್ತೆ ಹಚ್ಚಿದ ನನ್ನ ಅನುಭವ

ಟಂಕಸಾಲೆಯಿಂದ ಹೊರಬಿದ್ದ ಮೇಲೆ ಯಾರೋ ಲೇಪ ಹಾಕಿಸಿದ ನಾಣ್ಯವನ್ನು ಒರೆಗಲ್ಲಿಗೆ ತಿಕ್ಕದೆ, ಅರ ಮುಟ್ಟಿಸದೆ ಪತ್ತೆ ಹಚ್ಚುವುದು ಆಗದ ಮಾತು ಎಂದು ಶಿವಮೊಗ್ಗದ ಹಿರಿಯ ಸಂಗ್ರಾಹಕರೂ ಗಾಂಧಿ ಬಜಾರಿನ ಅಕ್ಕಸಾಲಿಗರೂ ವರ್ಷಗಟ್ಟಲೆ ಹೇಳುತ್ತ ಬಂದಿದ್ದರು. ಈಗ ಅವರಲ್ಲೇ ಕೆಲವರು ಸಂಶಯದ ನಾಣ್ಯವನ್ನು ಕೊಳ್ಳುವ ಮೊದಲು ನನ್ನ ಮೇಜಿಗೆ ತರುತ್ತಾರೆ.

ಮೊದಲಿಗೆ ನಾನು ನೆಚ್ಚಿಕೊಂಡದ್ದು ಆಭರಣದಂಗಡಿಯಲ್ಲಿ ಎಕ್ಸ್-ಕಿರಣ ಬಿಟ್ಟು ಲೋಹ ಗುರುತಿಸುವ ಎಕ್ಸ್‌ಆರ್‌ಎಫ್ ಯಂತ್ರವನ್ನು. ನಾಣ್ಯವೊಂದಕ್ಕೆ ನೂರೋ ನೂರೈವತ್ತೋ ತೆತ್ತು ಐದಾರು ಸಾವಿರ ಕಳೆದರೂ ತೀರ್ಮಾನ ಸಿಗಲಿಲ್ಲ. ಆ ಯಂತ್ರಕ್ಕೆ ಕಾಣುವುದು ಮೇಲಿನ ಕೆಲವು ಮೈಕ್ರಾನಿನಿಂದ ಕೆಲವು ಹತ್ತು ಮೈಕ್ರಾನಿನವರೆಗಿನ ಆಳ ಮಾತ್ರ (ಮೈಕ್ರಾನು ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು); ದಪ್ಪ ಲೇಪವಿದ್ದರೆ ಬೆಳ್ಳಿಯೆಂದೇ ಬರೆದುಕೊಡುತ್ತದೆ, ತೆಳು ಲೇಪವಿದ್ದರೆ ಬೆಳ್ಳಿ ತಾಮ್ರಗಳ ಬೆರಕೆಯೆನ್ನುತ್ತದೆ. ಕಲ್ಲಿನ ಮೇಲೆ ಬೀಳಿಸಿ ನಾದ ಕೇಳುವ ಹಳೆಯ ಪದ್ಧತಿಯೂ ಕೈಹಿಡಿಯಲಿಲ್ಲ.

ದಾರಿ ತೆರೆದದ್ದು ಐದನೆಯ ಜಾರ್ಜನ ಒಂದು ಕಂಚಿನ ಕಾಲಾಣೆಯಿಂದ. ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ ವ್ಯಾಪಾರಿಯೊಬ್ಬರು ಅದನ್ನು ಬೆಳ್ಳಿಯ ಬಿಲ್ಲೆಯ ಮೇಲೆ ತಪ್ಪಿ ಅಚ್ಚಾದ ನಾಣ್ಯವೆಂದು ಹೇಳಿ ಹನ್ನೆರಡು ಸಾವಿರ ಕೇಳಿದರು. ಕಾಲಾಣೆಯ ನಿಗದಿತ ತೂಕ 4.86 ಗ್ರಾಂ. ಅಷ್ಟೇ ಅಗಲ, ಅಷ್ಟೇ ದಪ್ಪದ ಬೆಳ್ಳಿಯ ಬಿಲ್ಲೆಯಾಗಿದ್ದರೆ ತೂಕ ಐದೂವರೆ ಗ್ರಾಂ ದಾಟಬೇಕಿತ್ತು. ಇದು ತೂಗಿದ್ದು 4.75ರ ಆಸುಪಾಸು. ಐದು ಮೈಕ್ರಾನು ಬೆಳ್ಳಿ ಬಳಿದರೂ ಕಾಲಾಣೆಗೆ ಕೂಡುವುದು ಅರವತ್ತು ಮಿಲಿಗ್ರಾಂ ಮಾತ್ರವಾದ್ದರಿಂದ, ಸವೆದು ಕಳೆದುಕೊಂಡ ತೂಕವನ್ನು ಕೂಡ ಅದು ತುಂಬಿಕೊಡಲಾರದು. ಅಲ್ಲಿಯೇ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಸಣ್ಣ ಭೂತಗನ್ನಡಿ) ಇಟ್ಟು ನೋಡಿದಾಗ ದೊರೆಯ ಕಿರೀಟದ ಕುಸುರಿ ಸವೆದು ನುಣುಪಾಗಿತ್ತು, ಆದರೆ ಆ ನುಣುಪಿನ ಮೇಲೆ ಬಿಳುಪು ಒಂದಿಷ್ಟೂ ಸವೆದುಹೋಗಿರಲಿಲ್ಲ. ಕೆನ್ನೆಯ ಮೇಲಿನ ಹಳೆಯ ಗೀರಿನ ತಳದಲ್ಲಿಯೂ ಅದೇ ಬಿಳುಪು. ಲೇಪದೊಂದಿಗೇ ಹುಟ್ಟಿ ಕೈಯಿಂದ ಕೈಗೆ ಓಡಾಡಿದ ನಾಣ್ಯದಲ್ಲಿ ಉಬ್ಬಿನ ಲೇಪ ಎಲ್ಲಕ್ಕಿಂತ ಮೊದಲು ಹೋಗುತ್ತದೆ, ಗೀರಿನೊಳಗೆ ಒಳಲೋಹ ಕಾಣುತ್ತದೆ. ಸವಕಳಿ ಮೊದಲು, ಲೇಪ ಆಮೇಲೆ ಎಂಬ ಈ ಕ್ರಮವೊಂದನ್ನು ತೋರಿಸಿದರೆ ಬೇರೆ ಸಾಕ್ಷಿ ಬೇಕಿಲ್ಲ. ಲೂಪಿಗೆ ಬೆಳಕನ್ನು ಯಾವ ಕಡೆಯಿಂದ ಬಿಡಬೇಕು, ಲೇಪ ಹಾಕುವಾಗ ನಾಣ್ಯವನ್ನು ತಂತಿಗೆ ತೂಗುಬಿಟ್ಟ ಗುರುತನ್ನು ಎಲ್ಲಿ ಹುಡುಕಬೇಕು ಎಂಬ ಎರಡು ಸಂಗತಿಗಳನ್ನು ನಾನು ಬರೆಯುವುದಿಲ್ಲ. ಬರೆದರೆ ಮೊದಲು ಕಲಿಯುವವರು ಲೇಪ ಹಾಕುವವರೇ.

ಸವೆಯದ ಹೊಸ ನಾಣ್ಯಗಳು ಮಾತ್ರ ಬಹಳ ಕಾಡಿದವು. ಐದು ರೂಪಾಯಿ ನಾಣ್ಯ 2007ರ ಹೊತ್ತಿಗೆ ಸ್ಟೀಲಿನಲ್ಲಿ ಬಂದು, 2009ರಿಂದ ಹಳದಿ ನಿಕಲ್ ಹಿತ್ತಾಳೆಗೆ ತಿರುಗಿತು. ಹೀಗಾಗಿ ಬೆಳ್ಳಗಿರುವ ಹೊಸ ಐದು ರೂಪಾಯಿಯನ್ನು ಉಳಿದುಹೋದ ಸ್ಟೀಲ್ ಬಿಲ್ಲೆಯ ಮೇಲೆ ತಪ್ಪಿ ಅಚ್ಚಾದ ಎರರ್ ನಾಣ್ಯ ಎಂದು ಮಾರುವುದು ಸುಲಭ. ಅಯಸ್ಕಾಂತಕ್ಕೆ ಸ್ವಲ್ಪ ಸ್ಪಂದಿಸುತ್ತದೆ ಎಂಬುದನ್ನೇ ಮಾರುವವರು ಪುರಾವೆಯಾಗಿ ಹೇಳುತ್ತಾರೆ. ಆ 'ಸ್ವಲ್ಪ'ದಲ್ಲಿಯೇ ಗುಟ್ಟಿದೆ. ಸಾಸಿವೆಗಿಂತ ತುಸು ದೊಡ್ಡದಾದ ನಿಯೋಡಿಮಿಯಂ ಅಯಸ್ಕಾಂತವನ್ನು ರೇಷ್ಮೆ ಎಳೆಗೆ ಕಟ್ಟಿ ತೂಗುಬಿಟ್ಟು, ನಾಣ್ಯವನ್ನು ಮೆಲ್ಲನೆ ಅದರ ಪಕ್ಕಕ್ಕೆ ತಂದರೆ, ಸ್ಟೀಲಾದರೆ ಅದು ದೂರದಿಂದಲೇ ಹಾರಿ ಕಚ್ಚಿಕೊಳ್ಳುತ್ತದೆ. ಹಿತ್ತಾಳೆಯ ಮೇಲೆ ನಿಕಲ್ ಲೇಪವಿದ್ದರೆ ತೀರ ಹತ್ತಿರ ಬಂದ ಮೇಲೆ ಓಲಿ ಅಂಟಿ, ಎಳೆ ತುಸು ಜಗ್ಗಿದೊಡನೆ ಬಿಟ್ಟುಬಿಡುತ್ತದೆ. ಲೇಪವಿಲ್ಲದ ಹಿತ್ತಾಳೆಗೆ ಅಲುಗುವುದೇ ಇಲ್ಲ. ಇದನ್ನು ಖಚಿತಪಡಿಸಿಕೊಳ್ಳಲೆಂದೇ ಲೇಪದ ನಾಣ್ಯಗಳನ್ನು ತಿಳಿದೂ ತಿಳಿದೂ ಕೊಂಡು ಮೂರು ಸಾವಿರದಷ್ಟು ಖರ್ಚು ಮಾಡಿದ್ದೇನೆ.

ನಡುವೆ ಮಳೆಯನ್ನೂ ಪರೀಕ್ಷೆಗೆ ಹಚ್ಚಿದೆ. ಸವೆದ ತಾಮ್ರದ ಕಾಸುಗಳಿಗೆ ನಾನೇ ಬೆಳ್ಳಿ ಲೇಪ ಹಾಕಿಸಿ, ತೀರ್ಥಹಳ್ಳಿಯ ಅಕ್ಕನ ಮನೆಯ ಅಟ್ಟದಲ್ಲಿ ಆರಿದ್ರಾ ಮಳೆಯಿಂದ ಆಶ್ಲೇಷಾ ಮಳೆ ಮುಗಿಯುವವರೆಗೆ ಬಿಚ್ಚಿಟ್ಟೆ. ಲೇಪದ ಸೂಕ್ಷ್ಮ ರಂಧ್ರಗಳ ಮೂಲಕ ಕಿಲುಬು ಮೇಲೆದ್ದು, ಅಕ್ಷರಗಳ ಬುಡದಲ್ಲಿ ಸೂಜಿಮೊನೆಯಷ್ಟು ಹಸುರು ಚುಕ್ಕೆಗಳು ಮೂಡಿದವು. ವಿದ್ಯುತ್ ಲೇಪ ಉಬ್ಬಿಗೆ ಹೆಚ್ಚು, ತಗ್ಗಿಗೆ ಕಡಿಮೆ ಕೂರುವುದರಿಂದ ಬುಡವೇ ಮೊದಲು ಸೋಲುತ್ತದೆ. ಕೊಳ್ಳುವ ಹೊತ್ತಿಗೆ ಈ ಪರೀಕ್ಷೆ ಉಪಯೋಗಕ್ಕೆ ಬಾರದಿದ್ದರೂ, ಮಲೆನಾಡಿನಲ್ಲಿ ಒಂದು ಮಳೆಗಾಲ ಕಳೆದ ನಾಣ್ಯವಾದರೆ ನಾನು ಈಗ ಮೊದಲು ನೋಡುವುದು ಅಕ್ಷರಗಳ ಬುಡವನ್ನೇ.

ಕಾಸಿನ ಸರದಿಂದ ಬಿಚ್ಚಿದ, ಚಿನ್ನದ ನೀರು ಹಾಕಿಸಿದ ರೂಪಾಯಿಗಳು ನಮ್ಮ ಕಡೆ ಬೇಕಾದಷ್ಟು ಬರುತ್ತವೆ. ಅಲ್ಲಿ ಲೇಪವಿದೆಯೇ ಎಂಬ ಪ್ರಶ್ನೆಯೇ ಇಲ್ಲ. ಒಳಗೇನಿದೆ ಎಂಬುದಷ್ಟೇ ಪ್ರಶ್ನೆ. ಐದನೆಯ ಜಾರ್ಜನ 11.66 ಗ್ರಾಂ ಬೆಳ್ಳಿ ರೂಪಾಯಿ ನೀರಿನಲ್ಲಿ ಮುಳುಗಿದಾಗ 1.13 ಗ್ರಾಮಿನಷ್ಟು ತೂಕ ಕಳೆದುಕೊಳ್ಳುತ್ತದೆ. ಅಷ್ಟೇ ತೂಕದ ತಾಮ್ರವಾದರೆ 1.3 ಗ್ರಾಂ. ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿದರೆ ಲೆಕ್ಕ ತಪ್ಪುವುದರಿಂದ ನೀರಿಗೆ ಎರಡು ಹನಿ ಅಂಟುವಾಳದ ರಸ ಬಿಡುತ್ತೇನೆ. 1947ರ ರೂಪಾಯಿ ನಿಕಲ್ಲಿನದಾದ್ದರಿಂದ ಅದಕ್ಕೆ ಅಯಸ್ಕಾಂತವೇ ಸಾಕು. ಒಳಗೆ ಬೆಳ್ಳಿಯೇ ಇದ್ದರೆ ಬೆಳ್ಳಿಯ ತೂಕದ ಬೆಲೆ ಕೊಟ್ಟು ಕೊಳ್ಳುತ್ತೇನೆ; ಚಿನ್ನದ ನೀರನ್ನು ಆಸಿಡ್ಡಿನಿಂದ ತೆಗೆಸಿ ತಂದದ್ದಾದರೆ ಮೈ ಕೆಟ್ಟಿರುವುದರಿಂದ ಅಷ್ಟನ್ನೂ ಕೊಡುವುದಿಲ್ಲ.