ಮಳೆಗಾಲದಲ್ಲಿ ಆಕ್ಸೈಡಿನ ಆಕ್ಸಿಜನ್ ಅಳೆಯುವುದು

ಶಿವಮೊಗ್ಗದ ಆಷಾಢದಲ್ಲಿ ಡಬ್ಬಿ ಮುಚ್ಚಳ ಸಡಿಲ ಬಿಟ್ಟರೆ ಹಪ್ಪಳ ಮೆತ್ತಗಾಗುತ್ತದೆ, ಅಲ್ವಾ? ಲ್ಯಾಂಥನಮ್ ಅನ್ನೋ ಲೋಹ ಇರುವ ಪೌಡರ್‌ಗಳ ಗತಿಯೂ ಅದೇ. ಇವುಗಳ ಆಕ್ಸಿಜನ್ ಅಳೆಯುವ ಟಿಜಿಎ (ಥರ್ಮೋಗ್ರಾವಿಮೆಟ್ರಿಕ್ ಅನಾಲೈಸರ್) ಅಂದರೆ ಕುಲುಮೆಗೆ ಜೋಡಿಸಿದ ತಕ್ಕಡಿ. ಅದಕ್ಕೆ ತೂಕ ಮಾತ್ರ ಗೊತ್ತು, ಹೋಗಿದ್ದು ಆಕ್ಸಿಜನ್ನೋ ನೀರೋ ಗೊತ್ತಾಗಲ್ಲ.

ಲ್ಯಾಂಥನಮ್ ಕೋಬಾಲ್ಟೈಟ್ ತಗೊಳ್ಳಿ. ಒಂದು ಲ್ಯಾಂಥನಮ್, ಒಂದು ಕೋಬಾಲ್ಟ್‌ಗೆ ಮೂರು ಆಕ್ಸಿಜನ್ ಇರಬೇಕು. ಎಷ್ಟು ಕಡಿಮೆಯಿದೆಯೋ ಅದೇ ಡೆಲ್ಟಾ, ನಾವು ಅಳೆಯಬೇಕಾದದ್ದು ಅದನ್ನೇ.

ಮೊದಲು ಖಾಲಿ ಅಲ್ಯುಮಿನಾ ಕ್ರೂಸಿಬಲ್ (ಪಿಂಗಾಣಿಯಂಥ ಪುಟ್ಟ ಬಟ್ಟಲು) ಇಟ್ಟು ಇಡೀ ಪ್ರೋಗ್ರಾಂ ಒಮ್ಮೆ ಓಡಿಸಿ. ಗ್ಯಾಸ್ ಬಿಸಿಯಾದಂತೆ ಹಗುರಾಗಿ, ಖಾಲಿ ಕ್ರೂಸಿಬಲ್ಲೂ ತೂಕ ಜಾಸ್ತಿ ತೋರಿಸುತ್ತದೆ. ಅದನ್ನು ಆಮೇಲೆ ಕಳೆಯಬೇಕು. ಪ್ಲಾಟಿನಮ್ ಬೇಡ, ಕೊನೆಗೆ ಉಳಿಯುವ ಕೋಬಾಲ್ಟ್ ಅದರೊಳಗೆ ಬೆರೆತುಬಿಡುತ್ತದೆ.

ಈಗ 80 ಮಿಲಿಗ್ರಾಂ ಪೌಡರ್ ಹಾಕಿ, ಒಣ ಗಾಳಿಯಲ್ಲಿ 800 ಡಿಗ್ರಿಗೆ ಏರಿಸಿ, ನಿಮಿಷಕ್ಕೆ ಒಂದೆರಡು ಡಿಗ್ರಿಯಂತೆ ಇಳಿಸಿ. ಇನ್ನೊಮ್ಮೆ ಹಾಗೇ ಮಾಡಿ. ಮೊದಲ ಸುತ್ತಿನ ಗ್ರಾಫ್ ಬಿಟ್ಟುಬಿಡಿ, ಅದರಲ್ಲಿ ನೀರು, ಕಾರ್ಬನ್ ಡೈಆಕ್ಸೈಡ್ ಎಲ್ಲ ಸೇರಿರುತ್ತದೆ. ಎರಡನೇ ಸುತ್ತಲ್ಲಿ ಹೋದ ತೂಕ ತಣಿಯುವಾಗ ವಾಪಸ್ ಬಂದರೆ ಅದು ಆಕ್ಸಿಜನ್. ಒಣ ಗಾಳಿಯಲ್ಲಿ ನೀರು ಎಲ್ಲಿಂದ ಬರಬೇಕು? ಆ ತಣಿದ ತೂಕವೇ ನಿಮ್ಮ ಆರಂಭದ ತೂಕ.

ಆಮೇಲೆ ಆರ್ಗಾನ್ ಹಾಯಿಸಿ ಗಾಳಿಯನ್ನು ಪೂರ್ತಿ ಹೊರಹಾಕಿ. ಇದರಲ್ಲಿ ಅವಸರ ಬೇಡವೇ ಬೇಡ. ಆರ್ಗಾನ್‌ನಲ್ಲಿ 4% ಹೈಡ್ರೋಜನ್ ಇರುವ ಮಿಶ್ರಣ ಬಿಟ್ಟು ಮತ್ತೆ 800ಕ್ಕೆ ಏರಿಸಿ. ಗ್ರಾಫ್ ಎರಡು ಮೆಟ್ಟಿಲು ಇಳಿಯುತ್ತದೆ. ಆಕ್ಸಿಜನ್ ಪೂರ್ತಿ ಮೂರಿದ್ದ ಪೌಡರ್ ಆದರೆ ಮೊದಲ ಮೆಟ್ಟಿಲು ಸುಮಾರು 3.25%, ಕೊನೆಗೆ ಒಟ್ಟು 9.76%. ಉಳಿಯುವುದು ಲ್ಯಾಂಥನಮ್ ಆಕ್ಸೈಡ್ ಮತ್ತು ಕೋಬಾಲ್ಟ್ ಲೋಹ. ಗೆರೆ ಚಪ್ಪಟೆಯಾದ ಮೇಲೆ ಬಿಸಿಯಿರುವಾಗಲೇ ರೀಡಿಂಗ್ ತೆಗೆದುಕೊಳ್ಳಿ.

ನಾನೊಮ್ಮೆ ಕೆಟ್ಟಿದ್ದು ಇಲ್ಲೇ. ರಾತ್ರಿ ಕರೆಂಟ್ ಹೋಗಿ ರೀಡಿಂಗ್ ಕಳೆದುಹೋಯಿತು, ಬೆಳಿಗ್ಗೆ ತಣಿದ ಕ್ರೂಸಿಬಲ್ ಹೊರಗೆ ತೆಗೆದು ಬೇರೆ ತಕ್ಕಡಿಯಲ್ಲಿಟ್ಟೆ. ಕೊನೆಯ ಅಂಕಿ ನಿಲ್ಲಲೇ ಇಲ್ಲ, ಕಣ್ಣೆದುರೇ ಏರುತ್ತಾ ಹೋಯಿತು. ಲ್ಯಾಂಥನಮ್ ಆಕ್ಸೈಡ್ ಹೊರಗಿನ ಮಳೆಯ ತೇವ ಕುಡಿಯುತ್ತಿತ್ತು!

ಲೆಕ್ಕ ಸುಲಭ. ಎರಡನೇ ಸುತ್ತಿನ ನಂತರ ತಣಿದಾಗ 80.00 ಮಿಲಿಗ್ರಾಂ ಇದ್ದದ್ದು ಕೊನೆಗೆ 72.40 ಆಯಿತು ಅನ್ನಿ, ಅನುಪಾತ 0.905. ಒಂದು ಕೋಬಾಲ್ಟ್ ಲೆಕ್ಕದಲ್ಲಿ ಉಳಿದ ವಸ್ತುವಿನ ಮೋಲಾರ್ ತೂಕ (ಪರಮಾಣು ತೂಕಗಳ ಮೊತ್ತ) 221.84. ಅದನ್ನು 0.905ರಿಂದ ಭಾಗಿಸಿದರೆ 245.13. ಇದನ್ನು ಪೂರ್ತಿ ಆಕ್ಸಿಜನ್ ಇದ್ದಾಗಿನ 245.84ರಿಂದ ಕಳೆದು 16ರಿಂದ ಭಾಗಿಸಿ: ಡೆಲ್ಟಾ 0.044. ಕೊನೆಯ ತೂಕಕ್ಕೆ ಬರೀ 0.1 ಮಿಲಿಗ್ರಾಂ ನೀರು ಸೇರಿದರೆ ಅದೇ ಡೆಲ್ಟಾ 0.066 ಆಗಿಬಿಡುತ್ತದೆ.

ಚಿಕ್ಕ ಯುಪಿಎಸ್ ಕುಲುಮೆಯ ಲೋಡ್ ತಡೆಯಲ್ಲ. ಗುಡುಗು ಕೇಳಿಸಿದ ಸಂಜೆ ಹೈಡ್ರೋಜನ್ ಹಂತ ಶುರು ಮಾಡಬೇಡಿ.