4ಕೆ ಟಿವಿ ಆರಿಸಿದ್ದು ಹೀಗೆ: ಅಳತೆ ಟೇಪಿನಿಂದ ಪೆನ್‌ಡ್ರೈವ್ ತನಕ

ಟಿವಿ ಆರಿಸಲು ನಾನು ಮೊದಲು ಕೈಗೆತ್ತಿಕೊಂಡದ್ದು ಅಳತೆ ಟೇಪು. ಸೋಫಾದಲ್ಲಿ ಒರಗಿ ಕೂತಾಗ ಕಣ್ಣಿರುವ ಜಾಗದಿಂದ ಪರದೆ ಬರುವ ಜಾಗಕ್ಕೆ ಎಷ್ಟು ದೂರ ಎಂಬ ಒಂದೇ ಅಂಕಿ ಅರ್ಧ ತೀರ್ಮಾನ ಮಾಡಿಬಿಡುತ್ತದೆ. ಗೋಡೆಯಿಂದ ಗೋಡೆಗೆ ಅಳೆದರೆ ಲೆಕ್ಕ ತಪ್ಪುತ್ತದೆ. ಸೋಫಾದ ಬೆನ್ನು ಒಂದು ಕಡೆ, ಟಿವಿ ಮೇಜು ಇನ್ನೊಂದು ಕಡೆ ಸೇರಿ ಅರ್ಧ ಮೀಟರನ್ನು ಸುಲಭವಾಗಿ ನುಂಗುತ್ತವೆ.

ಆ ದೂರವನ್ನು ಸೆಂಟಿಮೀಟರಿನಲ್ಲಿ ಬರೆದುಕೊಂಡು 4ರಿಂದ ಭಾಗಿಸಿದರೆ ಇಂಚಿನ ಲೆಕ್ಕದಲ್ಲಿ ಪರದೆಯ (ಮೂಲೆಯಿಂದ ಎದುರು ಮೂಲೆಗೆ) ಕನಿಷ್ಠ ಅಳತೆ ಸಿಗುತ್ತದೆ. 3ರಿಂದ ಭಾಗಿಸಿದರೆ ಗರಿಷ್ಠ. ದೂರ 250 ಸೆಂ.ಮೀ. ಇದ್ದರೆ ಒಂದು ತುದಿ 62, ಇನ್ನೊಂದು ತುದಿ 83. ಮೊದಲನೆಯದರಲ್ಲಿ ಪರದೆಯ ಅಗಲ ನಮ್ಮ ಕಣ್ಣಿನ ಮುಂದೆ ಸುಮಾರು 30 ಡಿಗ್ರಿ ತುಂಬುತ್ತದೆ, ಎರಡನೆಯದರಲ್ಲಿ ಸುಮಾರು 40 ಡಿಗ್ರಿ. ಹೆಚ್ಚಾಗಿ ಸುದ್ದಿ, ಧಾರಾವಾಹಿ ನೋಡುವ ಮನೆಗೆ ಕನಿಷ್ಠದ ಹತ್ತಿರ ಸಾಕು. ಸಿನಿಮಾ, ಗೇಮ್ ಹುಚ್ಚಿರುವವರು ನಡುವಿನಲ್ಲಿ ನಿಲ್ಲಬಹುದು. ಅಂಕಿಯ ಮೇಲೆ ನಂಬಿಕೆ ಬರದಿದ್ದರೆ ಹಳೆಯ ಪತ್ರಿಕೆಗಳನ್ನು ಅಂಟಿಸಿ ಗೋಡೆಗೆ ತೂಗುಹಾಕಿ ನೋಡಿ: 55 ಇಂಚೆಂದರೆ 122 ಸೆಂ.ಮೀ. ಅಗಲ, 68 ಸೆಂ.ಮೀ. ಎತ್ತರ, 65 ಇಂಚೆಂದರೆ 144 ಮತ್ತು 81. ಎರಡು ದಿನ ಅದರ ಎದುರು ಕೂತರೆ ದೊಡ್ಡದಾಯಿತೋ ಚಿಕ್ಕದಾಯಿತೋ ಗೊತ್ತಾಗುತ್ತದೆ.

ಇದೇ ದೂರ 4ಕೆ (ಅಡ್ಡಕ್ಕೆ 3840, ಎತ್ತರಕ್ಕೆ 2160 ಚುಕ್ಕಿಗಳ ಪರದೆ) ಎಂಬ ಮಾತಿನ ಬೆಲೆಯನ್ನೂ ಹೇಳುತ್ತದೆ. ಒಳ್ಳೆಯ ದೃಷ್ಟಿಯಿರುವ ಕಣ್ಣು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಸಣ್ಣದನ್ನು ಬೇರೆಬೇರೆಯಾಗಿ ಗುರುತಿಸಬಲ್ಲದು. ಅಂದರೆ ಒಂದು ಮೀಟರ್ ದೂರಕ್ಕೆ 0.29 ಮಿ.ಮೀ., ಎರಡೂವರೆ ಮೀಟರಿಗೆ 0.73 ಮಿ.ಮೀ. 55 ಇಂಚಿನ ಫುಲ್ ಎಚ್‌ಡಿ (1920 × 1080) ಪರದೆಯ ಒಂದು ಪಿಕ್ಸೆಲ್, ಅಂದರೆ ಚಿತ್ರದ ಒಂದು ಚುಕ್ಕಿ, 0.63 ಮಿ.ಮೀ. ಎರಡೂವರೆ ಮೀಟರ್ ದೂರದಲ್ಲಿ ಅದೇ ಕಣ್ಣಿಗೆ ಬೀಳುವುದಿಲ್ಲ ಎಂದಮೇಲೆ, ಅದರ ಅರ್ಧದಷ್ಟಿರುವ 4ಕೆ ಪಿಕ್ಸೆಲ್ ಬಗ್ಗೆ ಹೇಳುವುದೇನು? 65 ಇಂಚಿನಲ್ಲಿ ಫುಲ್ ಎಚ್‌ಡಿ ಪಿಕ್ಸೆಲ್ 0.75 ಮಿ.ಮೀ., ಅಂದರೆ ಗಡಿಯ ಮೇಲೆ. 4ಕೆಯ ನಾಲ್ಕು ಪಟ್ಟು ಚುಕ್ಕಿಗಳಿರುವ 8ಕೆ ವಿಷಯ ಹೇಳುವುದೇ ಬೇಡ. 65 ಇಂಚಿನ 4ಕೆ ಪರದೆಯ ಚುಕ್ಕಿಗಳೇ 1.3 ಮೀಟರಿನಾಚೆ ಮರೆಯಾಗುತ್ತವೆ. 8ಕೆಯ ಚುಕ್ಕಿ ಕಾಣಬೇಕಾದರೆ ಅದಕ್ಕಿಂತ ಹತ್ತಿರ ಕೂರಬೇಕು.

ಹಾಗಾದರೆ 4ಕೆ ಯಾಕೆ? ಈಗ ದೊಡ್ಡ ಪ್ಯಾನೆಲ್‌ಗಳು ಬರುವುದೇ 3840 × 2160ರಲ್ಲಿ. ಅದಕ್ಕಿಂತ ಮುಖ್ಯವಾಗಿ, ಎಚ್‌ಡಿಆರ್ (ತೀರ ಕಪ್ಪಿನಿಂದ ತೀರ ಹೊಳಪಿನ ತನಕ ಹೆಚ್ಚು ವ್ಯಾಪ್ತಿಯ ಚಿತ್ರ) ಮತ್ತು 10 ಬಿಟ್ ಬಣ್ಣ (ಬಣ್ಣಕ್ಕೆ ಹೆಚ್ಚು ಹಂತಗಳು) ಮನೆಗೆ ತಲುಪುವುದು ಬಹುಪಾಲು 4ಕೆ ಕಾರ್ಯಕ್ರಮಗಳ ಜೊತೆಯಲ್ಲೇ. ಕಣ್ಣಿಗೆ ಕಾಣುವ ವ್ಯತ್ಯಾಸದ ಹೆಚ್ಚಿನ ಪಾಲು ಚುಕ್ಕಿಗಳದ್ದಲ್ಲ, ಬೆಳಕಿನದು. ಹಾಗಾಗಿ ನಾನು ಚುಕ್ಕಿ ಎಣಿಸುವುದನ್ನು ಅಲ್ಲಿಗೇ ಬಿಟ್ಟು ಟೇಪು ಹಿಡಿದು ಕೋಣೆಯ ಬೆಳಕಿಗೆ ಬಂದೆ.

ನೋಡುವ ಹೊತ್ತಿನಲ್ಲಿ ಪರದೆಯ ಜಾಗಕ್ಕೆ ಎದುರಾಗಿ ಕಿಟಕಿ ಇದೆಯೇ? ಇದ್ದರೆ ಒಂದು ಕನ್ನಡಿಯನ್ನು ಅಲ್ಲಿ ಹಿಡಿದು ಸೋಫಾದಿಂದ ನೋಡಿ. ಕನ್ನಡಿಯಲ್ಲಿ ಕಿಟಕಿ ಕಂಡರೆ ಟಿವಿಯಲ್ಲೂ ಕಾಣುತ್ತದೆ. ಇಂಥ ಕೋಣೆಯಲ್ಲಿ ಹಗಲು ಟಿವಿ ಹಾಕುವವರಿಗೆ ಹಿಂದೆ ಪುಟ್ಟ ದೀಪಗಳು ತುಂಬಿರುವ, ಹೆಚ್ಚು ಹೊಳಪಿನ ಮಿನಿ ಎಲ್‌ಇಡಿ ಹೊಂದುತ್ತದೆ. ರಾತ್ರಿ ದೀಪ ತಗ್ಗಿಸಿ ನೋಡುವವರಿಗೆ ಓಎಲ್‌ಇಡಿಗೆ ಸಾಟಿ ಇಲ್ಲ. ಅಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುತ್ತದೆ, ಆರಿದರೆ ನಿಜವಾದ ಕಪ್ಪು.

ಆಮೇಲೆ ಪಕ್ಕದ ಕುರ್ಚಿಗಳು. ಪರದೆಯ ನಡುವಿನಿಂದ ನೇರಕ್ಕೆ ಒಂದು ಗೆರೆ ಎಳೆದುಕೊಳ್ಳಿ. ಕುರ್ಚಿ ಆ ಗೆರೆಯಿಂದ ಎಷ್ಟು ಪಕ್ಕಕ್ಕಿದೆಯೋ ಅದು ಪರದೆಯ ದೂರದ ಅರ್ಧವನ್ನು ಮೀರಿದರೆ, ಅಲ್ಲಿ ಕೂತವರು 27 ಡಿಗ್ರಿಗಿಂತ ಓರೆಯಾಗಿ ನೋಡುತ್ತಿರುತ್ತಾರೆ. ಅಷ್ಟು ಓರೆಯಲ್ಲಿ ವಿಎ ಎಂಬ ಬಗೆಯ ಪ್ಯಾನೆಲ್ಲಿನ ಬಣ್ಣ ಪೇಲವವಾಗಿ, ಕಪ್ಪು ಬೂದು ಬಣ್ಣವಾಗಿ ಕಾಣತೊಡಗುತ್ತದೆ. ಐಪಿಎಸ್ ಎಂಬ ಇನ್ನೊಂದು ಬಗೆಯ ಪ್ಯಾನೆಲ್ ಪಕ್ಕದಿಂದಲೂ ಚೆನ್ನ, ಆದರೆ ಅದರ ಕಾಂಟ್ರಾಸ್ಟ್ (ಕಪ್ಪಿಗಿಂತ ಬಿಳಿ ಎಷ್ಟು ಪಟ್ಟು ಹೊಳೆಯುತ್ತದೆ ಎಂಬ ಲೆಕ್ಕ) ಸುಮಾರು 1000:1. ವಿಎಯದು ಸಾಮಾನ್ಯವಾಗಿ 3000:1ರ ಮೇಲೆ. ಕತ್ತಲ ಕೋಣೆಯಲ್ಲಿ ಐಪಿಎಸ್‌ನ ಕಪ್ಪು ಎಂದರೆ ಗಾಢ ಬೂದು, ಅಷ್ಟೆ. ಎರಡೂ ಎಲ್‌ಸಿಡಿಯೇ, ಅಂದರೆ ಒಳಗಿನ ದೀಪದ ಬೆಳಕನ್ನು ತಡೆದು, ಬಿಟ್ಟು ಚಿತ್ರ ಮೂಡಿಸುವಂಥವು. ಕ್ಯೂಎಲ್‌ಇಡಿ ಎಂದು ಬರೆದದ್ದೂ ಎಲ್‌ಸಿಡಿಯೇ, ಬಣ್ಣ ಕಳೆಗಟ್ಟಲು ನಡುವೆ ಕ್ವಾಂಟಮ್ ಡಾಟ್ ಪದರ ಸೇರಿಸಿರುತ್ತಾರೆ. ಹೆಸರಿನಲ್ಲಿ ಒಂದೇ ಅಕ್ಷರ ಆಚೀಚೆ ಆದ ಮಾತ್ರಕ್ಕೆ ಅದು ಓಎಲ್‌ಇಡಿಯ ತಮ್ಮನಲ್ಲ.

ಎಲ್‌ಸಿಡಿಯಾದರೆ ಬ್ಯಾಕ್‌ಲೈಟ್ ಎಲ್ಲಿದೆ ಎಂಬುದೇ ನಿಜವಾದ ಪ್ರಶ್ನೆ. ಅಂಚಿನಲ್ಲಿ ಮಾತ್ರ ದೀಪಗಳಿದ್ದರೆ ಕಪ್ಪು ದೃಶ್ಯದಲ್ಲಿ ಒಂದು ಸಬ್‌ಟೈಟಲ್ ಬಂದ ಕೂಡಲೇ ಇಡೀ ಉದ್ದಪಟ್ಟಿಯೇ ಬೆಳಗುತ್ತದೆ. ಪರದೆಯ ಹಿಂಭಾಗದ ತುಂಬ ದೀಪಗಳಿದ್ದು, ಅವನ್ನು ವಲಯಗಳಾಗಿ ಬೇರೆಬೇರೆ ತಗ್ಗಿಸುವ ವ್ಯವಸ್ಥೆ ಇದ್ದರೆ ಮಾತ್ರ ಎಚ್‌ಡಿಆರ್‌ಗೆ ಅರ್ಥ. ವಲಯಗಳು ಕಡಿಮೆಯಾದಷ್ಟೂ ಬೆಳ್ಳಗಿನ ವಸ್ತುವಿನ ಸುತ್ತ ಮಂಜಿನಂಥ ಪ್ರಭೆ. ಹೊಳಪಿನ ವಿಷಯವೂ ಹಾಗೆಯೇ. ಸಾಮಾನ್ಯ ಕಾರ್ಯಕ್ರಮಗಳನ್ನು 100 ನಿಟ್ (ಹೊಳಪಿನ ಅಳತೆ) ಲೆಕ್ಕದಲ್ಲಿ ಸಿದ್ಧಪಡಿಸಿದರೆ ಎಚ್‌ಡಿಆರ್ ಸಿನಿಮಾಗಳನ್ನು ಹೆಚ್ಚಾಗಿ 1000 ಅಥವಾ 4000 ನಿಟ್‌ಗೆ ಸಿದ್ಧಪಡಿಸುತ್ತಾರೆ. 300 ನಿಟ್ ಕೊಡುವ ಟಿವಿಯೂ ಎಚ್‌ಡಿಆರ್ ಸಂಕೇತವನ್ನು ಸ್ವೀಕರಿಸುತ್ತದೆ, ಪೆಟ್ಟಿಗೆಯ ಮೇಲೆ ಹಾಗೆಂದು ಬರೆದೂ ಇರುತ್ತದೆ. ತೋರಿಸುವಾಗ ಮಾತ್ರ ಇಡೀ ಚಿತ್ರವನ್ನು ಅದುಮಿ ಕಪ್ಪಗೆ ಮಾಡುತ್ತದೆ. "ಎಚ್‌ಡಿಆರ್ ಹಾಕಿದರೆ ಚಿತ್ರ ಮಂಕು" ಎಂಬ ದೂರಿನ ಮೂಲ ಬಹುತೇಕ ಇದೇ. ಡಾಲ್ಬಿ ವಿಷನ್, ಎಚ್‌ಡಿಆರ್10 ಪ್ಲಸ್ ಎಂಬ ಎಚ್‌ಡಿಆರ್ ಬಗೆಗಳು ದೃಶ್ಯದಿಂದ ದೃಶ್ಯಕ್ಕೆ ಹೊಳಪಿನ ಸೂಚನೆ ಕೊಡುವುದರಿಂದ ಈ ತೊಂದರೆ ಸ್ವಲ್ಪ ತಗ್ಗುತ್ತದೆ, ಆದರೆ ಇಲ್ಲದ ದೀಪವನ್ನು ಅವು ಹುಟ್ಟಿಸಲಾರವು.

ಓಎಲ್‌ಇಡಿಯ ದೋಷ ಬೇರೆ ಬಗೆಯದು. ಚಾನೆಲ್ಲಿನ ಲೋಗೊ, ಕೆಳಗೆ ಓಡುವ ಸುದ್ದಿಪಟ್ಟಿ ದಿನವಿಡೀ ಒಂದೇ ಜಾಗದಲ್ಲಿ ಉರಿದರೆ ಆ ಭಾಗದ ಪಿಕ್ಸೆಲ್‌ಗಳು ಬೇಗ ಸವೆದು ಗುರುತು ಉಳಿಯುತ್ತದೆ. ಇದನ್ನು ತಗ್ಗಿಸಲು ಟಿವಿ ತಾನೇ ಸ್ಟ್ಯಾಂಡ್‌ಬೈನಲ್ಲಿರುವಾಗ ಒಂದು ಸರಿಪಡಿಕೆ ನಡೆಸುತ್ತದೆ. ರಿಮೋಟಿನಲ್ಲಿ ಆರಿಸಿದ ಕೂಡಲೇ ಗೋಡೆಯ ಸ್ವಿಚ್ಚನ್ನೂ ಆರಿಸುವ ಅಭ್ಯಾಸವಿದ್ದರೆ ಆ ಕೆಲಸ ನಡೆಯುವುದೇ ಇಲ್ಲ. ಇಡೀ ದಿನ ಸುದ್ದಿ ಚಾನೆಲ್ ಓಡುವ ಮನೆಗೆ ನಾನು ಓಎಲ್‌ಇಡಿ ಹೇಳುವುದಿಲ್ಲ.

ಚಲನೆಯಲ್ಲಿ ಎಚ್ಚರ ಬೇಕಾದದ್ದು ಅಂಕಿಗಳ ಬಗ್ಗೆ. ಪ್ಯಾನೆಲ್ಲಿನ ನಿಜವಾದ ರಿಫ್ರೆಶ್ ದರ (ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಹೊಸದಾಗಿ ಮೂಡುತ್ತದೆ ಎಂಬುದು) 60 ಹರ್ಟ್ಸ್ ಅಥವಾ 120 ಹರ್ಟ್ಸ್, ಕೆಲವು 144. "ಮೋಷನ್ ರೇಟ್" ಎಂಬಂಥ ಹೆಸರಿನ ಪಕ್ಕ ಇರುವ ದೊಡ್ಡ ಅಂಕಿ ಜಾಹೀರಾತಿನ ಲೆಕ್ಕ. ಸಿನಿಮಾ ಸೆಕೆಂಡಿಗೆ 24 ಚಿತ್ರ. 120ರಲ್ಲಿ ಪ್ರತಿ ಚಿತ್ರವೂ ಸಮವಾಗಿ 5 ಬಾರಿ ಬರುತ್ತದೆ. 60ರಲ್ಲಿ ಭಾಗಾಕಾರ ಕೂಡುವುದಿಲ್ಲವಾದ್ದರಿಂದ ಒಂದು ಚಿತ್ರ 2 ಬಾರಿ, ಮುಂದಿನದು 3 ಬಾರಿ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ತಿರುಗುವಾಗ ಕುಂಟಿದಂತೆ ಕಾಣುವುದು ಇದರಿಂದ. ಇನ್ನೊಂದು ಕುಂಟು ಸೆಟ್‌ಟಾಪ್ ಬಾಕ್ಸಿನದು. ಪ್ರಸಾರ 50 ಹರ್ಟ್ಸ್‌ನದಾಗಿದ್ದು ಬಾಕ್ಸ್ 60ರಲ್ಲಿ ಕಳಿಸುತ್ತಿದ್ದರೆ ಓಡುವ ಅಕ್ಷರಗಳು ತಡವರಿಸುತ್ತವೆ. ಬಾಕ್ಸಿನ ಸೆಟ್ಟಿಂಗಿನಲ್ಲಿ 50 ಮಾಡಿದರೆ ಮುಗಿಯಿತು. ಇದಕ್ಕೆ ಟಿವಿಯನ್ನು ದೂರಿ ಫಲವಿಲ್ಲ.

ಅಂಗಡಿಗೆ ಹೋಗುವಾಗ ಒಂದು ಪೆನ್‌ಡ್ರೈವ್ ಒಯ್ಯಿರಿ. ಅದರ ಫಾರ್ಮ್ಯಾಟ್ ಫ್ಯಾಟ್32 ಆದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ, ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ. ನನ್ನದರಲ್ಲಿ ಇರುವುದು ಇಷ್ಟು: ಪರದೆ ತುಂಬುವ 5 ಶೇಕಡಾ ಬೂದು, 50 ಶೇಕಡಾ ಬೂದು, ಅಪ್ಪಟ ಕೆಂಪು, ಹಸಿರು, ನೀಲಿ; ಕಪ್ಪಿನ ಮೇಲೆ ಬಿಳಿ ಚುಕ್ಕಿಗಳ ನಕ್ಷತ್ರಲೋಕ; ನೀಲಿ ಆಕಾಶ ನಿಧಾನವಾಗಿ ಮಸುಕಾಗುವ 10 ಬಿಟ್ ತುಣುಕು; 24 ಚಿತ್ರವೇಗದ ಒಂದು ಪಕ್ಕಚಲನೆ; ಮತ್ತು ಮನೆಯಲ್ಲಿ ನಿಜವಾಗಿ ನೋಡುವ ಹಳೆಯ ಗುಣಮಟ್ಟದ ಒಂದು ಕಾರ್ಯಕ್ರಮ. ಕೊನೆಯದನ್ನು ಬಿಡಬೇಡಿ. 720 × 576ರ ಚಿತ್ರವನ್ನು 4ಕೆ ಪರದೆಗೆ ತುಂಬಬೇಕಾದರೆ ಪ್ರತಿ ಒಂದು ಚುಕ್ಕಿಗೆ ಟಿವಿ 20 ಚುಕ್ಕಿ ಮಾಡಬೇಕು. ಪ್ರೊಸೆಸರ್ ಒಳ್ಳೆಯದೋ ಅಲ್ಲವೋ ಎಂಬುದು ಅಲ್ಲೇ ಬಯಲಾಗುತ್ತದೆ. ಅಂಗಡಿಯವರ ಡೆಮೊ ವೀಡಿಯೊ ಎಲ್ಲ ಟಿವಿಯಲ್ಲೂ ಚೆಂದವೇ.

ಫೈಲ್ ಹಾಕುವ ಮುಂಚೆ ಸ್ಟೋರ್ ಮೋಡ್ ಮತ್ತು ವಿವಿಡ್ ಎಂಬ ಕಣ್ಣು ಕುಕ್ಕುವ ಸೆಟ್ಟಿಂಗುಗಳನ್ನು ತೆಗೆಸಿ, ಸಿನಿಮಾ ಅಥವಾ ಫಿಲ್ಮ್‌ಮೇಕರ್ ಮೋಡಿಗೆ ತರಿಸಿ. 50 ಶೇಕಡಾ ಬೂದಿನಲ್ಲಿ ಕೊಳೆ ಒರೆಸಿದಂಥ ಕಲೆ, ಉದ್ದ ಪಟ್ಟೆ ಇವೆಯೇ ನೋಡಿ. ಆಟದ ಹಸಿರು ಮೈದಾನದ ಮೇಲೆ ಕ್ಯಾಮೆರಾ ಓಡುವಾಗ ಕಾಡುವುದು ಇವೇ. ಮೂರು ಬಣ್ಣಗಳಲ್ಲಿ ಸತ್ತ ಪಿಕ್ಸೆಲ್ ಸಿಗುತ್ತದೆ. ಆಕಾಶದ ತುಣುಕಿನಲ್ಲಿ ಮೆಟ್ಟಿಲುಗಳಂತೆ ಪಟ್ಟೆ ಎದ್ದರೆ ಪ್ಯಾನೆಲ್ ಅಥವಾ ಪ್ರೊಸೆಸರ್ ಎಲ್ಲೋ 8 ಬಿಟ್‌ಗೆ ಇಳಿಸುತ್ತಿದೆ: ಪ್ರತಿ ಬಣ್ಣಕ್ಕೆ 1024 ಹಂತದ ಬದಲು 256. ಒಂದು ಪಿಕ್ಸೆಲ್ ಅಗಲದ ಗೆರೆಗಳ ಪರೀಕ್ಷೆಯನ್ನು ಫೋಟೊ ಆಗಿ ಹಾಕಿ ಮೋಸ ಹೋಗಬೇಡಿ. ಅನೇಕ ಟಿವಿಗಳಲ್ಲಿ ಮೆನು, ಫೋಟೊ ತೋರಿಸುವ ಪದರ ಒಳಗೆ ಫುಲ್ ಎಚ್‌ಡಿಯದೇ ಆಗಿರುತ್ತದೆ, ಗೆರೆ ಬೂದು ಬಣ್ಣವಾಗಿ ಕರಗುತ್ತದೆ. ಅದಕ್ಕೆ ಲ್ಯಾಪ್‌ಟಾಪನ್ನು ಎಚ್‌ಡಿಎಂಐನಲ್ಲಿ ಜೋಡಿಸಿಯೇ ನೋಡಬೇಕು.

ಇನ್ನು ಹಿಂಬದಿಯ ಪೋರ್ಟುಗಳು. ಎಚ್‌ಡಿಎಂಐ 2.0 ಸೆಕೆಂಡಿಗೆ 18 ಗಿಗಾಬಿಟ್, 2.1 ಗರಿಷ್ಠ 48. "2.1" ಎಂಬ ಅಂಕಿಯನ್ನು ಮಾತ್ರ ಕೇಳಬೇಡಿ, 4ಕೆ 120 ಹರ್ಟ್ಸ್, ವಿಆರ್‌ಆರ್ (ಗೇಮಿನ ವೇಗಕ್ಕೆ ತಕ್ಕಂತೆ ರಿಫ್ರೆಶ್ ದರ ಬದಲಿಸುವುದು), ಇಆರ್ಕ್ (ಟಿವಿಯ ಧ್ವನಿಯನ್ನು ಸೌಂಡ್‌ಬಾರಿಗೆ ಕಳಿಸುವುದು) ಇವು ಯಾವ ಯಾವ ಪೋರ್ಟಿನಲ್ಲಿವೆ ಎಂದು ಕೇಳಿ. ಹಲವು ಮಾದರಿಗಳಲ್ಲಿ ವೇಗದ ಪೋರ್ಟುಗಳು ಎರಡೇ, ಅವುಗಳಲ್ಲೊಂದು ಇಆರ್ಕ್. ಸೌಂಡ್‌ಬಾರ್ ಅಲ್ಲಿ ಕೂತರೆ ಗೇಮಿಗೆ ಉಳಿಯುವುದು ಒಂದು. ಹಳೆಯ ಆಂಪ್ಲಿಫೈಯರ್ ಮೂಲಕ ಕೇಬಲ್ ಹಾಯಿಸುವವರು ಅದರಲ್ಲಿ ಎಚ್‌ಡಿಸಿಪಿ 2.2 (ನಕಲು ತಡೆಯುವ ಬೀಗ) ಇದೆಯೇ ನೋಡಿಕೊಳ್ಳಬೇಕು. ಇಲ್ಲದಿದ್ದರೆ 4ಕೆ ಸಿನಿಮಾ ಫುಲ್ ಎಚ್‌ಡಿಗೆ ಇಳಿಯುತ್ತದೆ ಅಥವಾ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಚಿತ್ರದಲ್ಲಿ ಬಿಳಿ ಕಿಡಿಗಳು ಹಾರುವುದು, ಒಂದೆರಡು ಸೆಕೆಂಡು ಕಪ್ಪಾಗಿ ಮರಳುವುದು ಬಹುಮಟ್ಟಿಗೆ ಕೇಬಲಿನ ದೋಷ. ಉದ್ದ ಹೆಚ್ಚಿದಷ್ಟೂ ಇದು ಹೆಚ್ಚು.

ನೆಟ್‌ವರ್ಕ್ ಕೇಬಲ್ ಎಂದರೆ ವೈಫೈಗಿಂತ ಯಾವಾಗಲೂ ಮೇಲು ಎಂಬ ನಂಬಿಕೆ ಟಿವಿಯ ಮಟ್ಟಿಗೆ ಅರ್ಧ ಸತ್ಯ. ಬಹಳ ಟಿವಿಗಳ ಲ್ಯಾನ್ ಪೋರ್ಟು 100 ಎಂಬಿಪಿಎಸ್ ಮಾತ್ರ. ಸ್ಟ್ರೀಮಿಂಗಿನ 4ಕೆಗೆ 15ರಿಂದ 25 ಎಂಬಿಪಿಎಸ್ ಸಾಕಾದ್ದರಿಂದ ತೊಂದರೆಯಿಲ್ಲ. ಆದರೆ ಮನೆಯ ಸರ್ವರಿನಿಂದ 4ಕೆ ಬ್ಲೂ-ರೇ ಗುಣಮಟ್ಟದ ಫೈಲ್ ಓಡಿಸಿದರೆ ನಡುನಡುವೆ 100 ದಾಟಿ ಚಿತ್ರ ನಿಲ್ಲುತ್ತದೆ. ಅಲ್ಲಿ 5 ಗಿಗಾಹರ್ಟ್ಸ್ ವೈಫೈಯೇ ವಾಸಿ.

ಟಿವಿಯ ಸ್ಪೀಕರ್ ಬಗ್ಗೆ ಬರೆಯುವಂಥದ್ದೇನಿಲ್ಲ. ಪರದೆ ತೆಳುವಾದಷ್ಟೂ ಸ್ವರ ತೆಳು.

ಕಾಲುಗಳ ಮೇಲೆ ನಿಲ್ಲಿಸುವುದಾದರೆ ಎರಡು ಕಾಲುಗಳ ನಡುವಿನ ಅಂತರವನ್ನು ಮಾದರಿಯ ನಕ್ಷೆಯಲ್ಲಿ ನೋಡಿ. 65 ಇಂಚಿನಲ್ಲಿ ಅದು ಮೀಟರ್ ಮೀರುವುದುಂಟು, ಮೇಜು ಚಿಕ್ಕದಾಗಿಬಿಡುತ್ತದೆ. ಗೋಡೆಗಾದರೆ ವೆಸಾ ಅಳತೆ (ಟಿವಿಯ ಬೆನ್ನಿನ ಸ್ಕ್ರೂ ತೂತುಗಳ ಅಂತರ) ಬರೆದುಕೊಳ್ಳಿ: 300 × 300, 400 × 300 ಹೀಗೆ ಮಿಲಿಮೀಟರಿನಲ್ಲಿರುತ್ತದೆ. ಸ್ಕ್ರೂ ಸಾಮಾನ್ಯವಾಗಿ ಎಂ6 ಅಥವಾ ಎಂ8. ಉದ್ದ ಹೆಚ್ಚಾದರೆ ಒಳಗಿನ ಬೋರ್ಡಿಗೆ ತಾಗುತ್ತದೆ, ಆದ್ದರಿಂದ ಕೈಯಲ್ಲಿ ತಿರುಗಿಸಿ ಆಳ ನೋಡಿ, ಬೇಕಾದರೆ ಸ್ಪೇಸರ್ ಹಾಕಿ. ಕೂತಾಗ ಕಣ್ಣು ನೆಲದಿಂದ 100ರಿಂದ 110 ಸೆಂ.ಮೀ.ನಲ್ಲಿರುತ್ತದೆ, ಪರದೆಯ ನಡುಭಾಗ ಅಲ್ಲಿಗೆ ಬರಬೇಕು. 65 ಇಂಚಿಗೆ ಕೆಳಗಿನ ಅಂಚು 60ರಿಂದ 70 ಸೆಂ.ಮೀ. ಆಗುತ್ತದೆ. ಜೋಡಿಸುವವರು ರೂಢಿಯಂತೆ ಇದಕ್ಕಿಂತ ಮೇಲೆ ತೂತು ಕೊರೆಯಲು ಹೊರಡುತ್ತಾರೆ, ಪೆನ್ಸಿಲ್ ಗುರುತು ಮೊದಲೇ ಹಾಕಿಡಿ.

ಮನೆಯಲ್ಲಿ ಮೊದಲ ದಿನ ಮಾಡಿದ ಬದಲಾವಣೆಗಳು: ಫಿಲ್ಮ್‌ಮೇಕರ್ ಮೋಡ್, ಬಣ್ಣದ ಉಷ್ಣತೆ ವಾರ್ಮ್, ನಾಯ್ಸ್ ರಿಡಕ್ಷನ್ ಬಂದ್, ಮೋಷನ್ ಸ್ಮೂದಿಂಗ್ ಬಂದ್ ಅಥವಾ ಕೆಳಗಿನ ಒಂದೆರಡು ಹಂತ, ವಿದ್ಯುತ್ ಉಳಿತಾಯದ ಹೆಸರಿನಲ್ಲಿ ಹೊಳಪನ್ನು ತಾನೇ ಏರಿಳಿಸುವುದು ಬಂದ್. ಪಿಕ್ಚರ್ ಸೈಜ್ ಜಾಗದಲ್ಲಿ ಜಸ್ಟ್ ಸ್ಕ್ಯಾನ್ ಅಥವಾ ಫಿಟ್ ಟು ಸ್ಕ್ರೀನ್ ಇಡದಿದ್ದರೆ ಅಂಚು ಕತ್ತರಿಸಿ ಹಿಗ್ಗಿಸಿದ ಚಿತ್ರ ಬರುತ್ತದೆ, ಕೊಂಡ ಚುಕ್ಕಿಗಳೆಲ್ಲ ನೀರಿಗೆ ಹೋದಂತೆ. ಶಾರ್ಪ್‌ನೆಸ್ ಕೆಲವದರಲ್ಲಿ ಸೊನ್ನೆ, ಕೆಲವದರಲ್ಲಿ ನಡುವೆ ಸರಿ. ಅಕ್ಷರದ ಸುತ್ತ ಬಿಳಿ ನೆರಳು ಮಾಯವಾಗುವ ತನಕ ಇಳಿಸಿ ಅಲ್ಲಿ ನಿಲ್ಲಿಸಿ. ಎಲ್ಲಕ್ಕಿಂತ ಹೆಚ್ಚು ಜನ ಮರೆಯುವುದು ಎಚ್‌ಡಿಎಂಐ ಸೆಟ್ಟಿಂಗನ್ನು. ಪೋರ್ಟಿಗೊಂದರಂತೆ ಎನ್‌ಹಾನ್ಸ್‌ಡ್ ಅಥವಾ ಡೀಪ್ ಕಲರ್ ಎಂಬ ಆಯ್ಕೆ ಇರುತ್ತದೆ. ಹಲವು ಟಿವಿಗಳಲ್ಲಿ ಅದನ್ನು ಹಾಕದಿದ್ದರೆ ಪ್ಲೇಯರಿನಿಂದ ಎಚ್‌ಡಿಆರ್ ಬರುವುದೇ ಇಲ್ಲ. ವಾರ್ಮ್ ಬಣ್ಣ ಮೊದಮೊದಲು ಹಳದಿ ಅನ್ನಿಸುತ್ತದೆ. ಕಣ್ಣು ಒಗ್ಗಲು ಮೂರ್ನಾಲ್ಕು ದಿನ ಕೊಡಿ, ಆಮೇಲೆ ಹಳೆಯ ಕೂಲ್ ಹಾಕಿದರೆ ಎಲ್ಲರ ಮುಖವೂ ನೀಲಿಗಟ್ಟಿದಂತೆ ಕಾಣುತ್ತದೆ.

ಬೂದು ಪರೀಕ್ಷೆಯನ್ನು ರಾತ್ರಿ ದೀಪ ಆರಿಸಿ ಮನೆಯಲ್ಲಿ ಇನ್ನೊಮ್ಮೆ ಮಾಡಿ. ಅಂಗಡಿಯಲ್ಲಿದ್ದದ್ದು ಬೇರೆ ತುಂಡು, ಮನೆಗೆ ಬಂದದ್ದು ಬೇರೆ. ಒಂದೇ ಮಾದರಿಯಲ್ಲೂ ಮೂಲೆಯ ಬೆಳಕಿನ ಸೋರಿಕೆ ಒಂದೇ ಥರ ಇರುವುದಿಲ್ಲ, ಮತ್ತು 5 ಶೇಕಡಾ ಬೂದಿನ ಕಲೆ ಅಂಗಡಿಯ ಬೆಳಕಿನಲ್ಲಿ ಕಾಣುವುದೂ ಇಲ್ಲ. ಬದಲಿಸಿಕೊಡುವ ಅವಧಿ ಮುಗಿಯುವ ತನಕ ಪೆಟ್ಟಿಗೆ, ಒಳಗಿನ ಥರ್ಮಾಕೋಲ್ ಎಸೆಯಬೇಡಿ. ವಾಪಸು ಕಳಿಸುವುದಾದರೆ ಟಿವಿಯನ್ನು ನಿಂತ ಭಂಗಿಯಲ್ಲೇ ಸಾಗಿಸಬೇಕು. ಮಲಗಿಸಿದರೆ ಗಾಜು ತನ್ನ ಭಾರಕ್ಕೇ ಬಾಗಿ ಬಿರುಕು ಬಿಡಬಹುದು.