ಕ್ಯಾಲೆಂಡರಿನ 21 ಮನೆ: ಸಂಗಾತಿಗೆ ಕೀಮೋ ನಡೆಯುವಾಗ ಸಂಸಾರ ನಡೆಸುವುದು ಹೇಗೆ?

ಕ್ಯಾನ್ಸರ್ ಎಂಬ ಮಾತು ಮನೆಯೊಳಗೆ ಬಂದ ದಿನದಿಂದ ಧೈರ್ಯ ಹೇಳುವವರಿಗೆ ಬರವಿರುವುದಿಲ್ಲ. ನಮ್ಮ ಮನೆಗೂ ಸೀಯಾಳದ ಗೊನೆಗಳ ಜೊತೆ ಧೈರ್ಯ ಬೇಕಾದಷ್ಟು ಬಂದು ಬಿತ್ತು. ಬರವಿದ್ದದ್ದು ಲೆಕ್ಕ ಇಡುವವರಿಗೆ. ಮುಂದಿನ ರಕ್ತಪರೀಕ್ಷೆ ಯಾವತ್ತು, ವಾಂತಿಯ ಮಾತ್ರೆ ಎಷ್ಟು ಉಳಿದಿದೆ, ಶಾಲೆಯ ವ್ಯಾನಿನವರಿಗೆ ಯಾರು ಫೋನ್ ಮಾಡುವುದು? ಹೆಂಡತಿಗೆ ಸ್ತನ ಕ್ಯಾನ್ಸರ್ ಎಂದು ತಿಳಿದಾಗ ಮಗಳು ಏಳನೆಯ ತರಗತಿಯಲ್ಲಿದ್ದಳು, ಮಗ ಯುಕೆಜಿ. ನಾನು ಮಂಗಳೂರಿನ ಬ್ಯಾಂಕೊಂದರಲ್ಲಿ ಗುಮಾಸ್ತ. ಗುಮಾಸ್ತಿಕೆ ಇಷ್ಟು ಉಪಯೋಗಕ್ಕೆ ಬಂದೀತು ಎಂದುಕೊಂಡಿರಲಿಲ್ಲ.

ಮೊದಲು ಕಡತ

ಒಂದು ದಪ್ಪ ಫೈಲ್ ಕೊಳ್ಳಿ. ಬಯಾಪ್ಸಿ ವರದಿಯ ಮೂಲಪ್ರತಿ, ಸ್ಕ್ಯಾನ್‌ನ ಸಿಡಿ, ಡಿಸ್ಚಾರ್ಜ್ ಸಾರಾಂಶ, ಪ್ರತಿ ಸಲ ಕೊಟ್ಟ ಔಷಧದ ಹೆಸರು ಮತ್ತು ಪ್ರಮಾಣ ಎಲ್ಲವೂ ದಿನಾಂಕದ ಕ್ರಮದಲ್ಲಿ ಅದರಲ್ಲಿರಲಿ. ಬಯಾಪ್ಸಿಯ ಸ್ಲೈಡ್ ಮತ್ತು ಬ್ಲಾಕ್ (ತೆಗೆದ ಅಂಗಾಂಶವನ್ನು ಮೇಣದಲ್ಲಿ ಕಾಪಿಟ್ಟ ತುಂಡು) ಯಾವ ಲ್ಯಾಬಿನಲ್ಲಿವೆ ಎಂದು ಬರೆದಿಡಿ. ಎರಡನೆಯ ಅಭಿಪ್ರಾಯಕ್ಕೆ ಬೆಂಗಳೂರಿನ ಕಿದ್ವಾಯಿಗೋ ಮುಂಬೈಯ ಟಾಟಾ ಆಸ್ಪತ್ರೆಗೋ ಹೋದರೆ ಮೊದಲು ಕೇಳುವುದು ಅವನ್ನೇ.

ಎಲ್ಲಕ್ಕಿಂತ ಮೇಲೆ ಒಂದೇ ಒಂದು ಹಾಳೆ: ರೋಗದ ಹೆಸರು, ನಡೆಯುತ್ತಿರುವ ಔಷಧ, ಕೊನೆಯ ಕೀಮೋ ದಿನಾಂಕ, ಅಲರ್ಜಿ, ರಕ್ತದ ಗುಂಪು, ವೈದ್ಯರ ದೂರವಾಣಿ. ಮಧ್ಯರಾತ್ರಿ ಎದುರಾಗುವ ಡ್ಯೂಟಿ ಡಾಕ್ಟರು ಓದುವುದು ಆ ಹಾಳೆಯನ್ನು ಮಾತ್ರ.

ನಂತರ ಕ್ಯಾಲೆಂಡರ್

ಎಲ್ಲ ಕೀಮೋವೂ 21 ದಿನದ್ದಲ್ಲ. ವಾರಕ್ಕೊಮ್ಮೆ, ಎರಡು ವಾರಕ್ಕೊಮ್ಮೆ ಕೊಡುವವೂ ಇವೆ. ನಮ್ಮದು ಶುರುವಿನಲ್ಲಿ 21 ದಿನಕ್ಕೊಮ್ಮೆ ಇತ್ತು. ಅಡುಗೆಮನೆಯಲ್ಲಿ ತೂಗುತ್ತಿದ್ದ ಸೊಸೈಟಿಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಅದನ್ನೂ ಬರೆದೆವು.

ಮೊದಲ ಕೀಮೋದ ರಾತ್ರಿ ನಾನು ಮೋಸಹೋದೆ. ಎರಡು ಗಂಟೆಗೆ ಎಚ್ಚರವಾಗಿ ನೋಡಿದರೆ ಇವಳು ಅಡುಗೆಮನೆಯಲ್ಲಿ ಸಾಂಬಾರಪುಡಿಯ ಡಬ್ಬಗಳನ್ನೆಲ್ಲ ಕೆಳಗಿಳಿಸಿ ಒರೆಸುತ್ತಿದ್ದಳು. ‘ನೋಡಿ, ನನಗೆ ಏನೂ ಆಗಿಲ್ಲ’ ಎಂದಳು. ವಾಂತಿ ತಡೆಯಲು ಕೊಡುವ ಸ್ಟೀರಾಯ್ಡ್ ಮಾಡುವ ಕೆಲಸ ಅದು ಎಂದು ಆಮೇಲೆ ತಿಳಿಯಿತು. ಮೂರನೆಯ ದಿನ ಅದೇ ಡಬ್ಬಗಳ ವಾಸನೆಗೆ ಅಡುಗೆಮನೆಯ ಬಾಗಿಲು ಹಾಕಬೇಕಾಯಿತು. ಹಾಗಾಗಿ ಸಹಾಯಕ್ಕೆ ಬರುವವರನ್ನು ಕೀಮೋ ದಿನ ಕರೆಯಬೇಡಿ, ಮೂರರಿಂದ ಆರನೆಯ ದಿನಕ್ಕೆ ಕರೆಯಿರಿ. ರಜೆಯನ್ನೂ ಆ ದಿನಗಳಿಗೇ ಉಳಿಸಿಕೊಳ್ಳಿ.

ಬಿಳಿ ರಕ್ತಕಣ ಹೆಚ್ಚಿಸುವ ಚುಚ್ಚುಮದ್ದು ಬರೆದುಕೊಟ್ಟಿದ್ದರೆ ಅದು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಫ್ರೀಜರ್‌ನಲ್ಲಿ ಇಡಬಾರದು, ಬಾಗಿಲಲ್ಲೂ ಬೇಡ. ಆಟಿಯ ಮಳೆಗೆ ಕರೆಂಟು ಹೋಗುವ ನಮ್ಮೂರಿನಲ್ಲಿ ಚುಚ್ಚುವ ದಿನವೇ ಔಷಧದಂಗಡಿಯಿಂದ ತರುವುದು ಲೇಸು.

ಜ್ವರ ಬಂದರೆ

ಕರಾವಳಿಯವರಿಗೆ ಜ್ವರ ಹೊಸದಲ್ಲ. ಮಲೇರಿಯಾ, ಡೆಂಗಿ, ಇಲಿಜ್ವರ ಎಲ್ಲವನ್ನೂ ಕಂಡವರು ನಾವು. ಒಂದು ರಾತ್ರಿ ಕಾದು ಬೆಳಿಗ್ಗೆ ರಕ್ತ ಕೊಡುವುದು ರೂಢಿ. ಕೀಮೋ ನಡೆಯುವಾಗ ಈ ರೂಢಿ ಜೀವಕ್ಕೆ ಎರವಾಗಬಹುದು. ಬಿಳಿ ರಕ್ತಕಣಗಳು ಸಾಮಾನ್ಯವಾಗಿ ಕೀಮೋ ಆದ 7ರಿಂದ 14ನೆಯ ದಿನದ ನಡುವೆ ತೀರಾ ಕೆಳಗಿಳಿಯುತ್ತವೆ. ಆಗ ಬರುವ ಸೋಂಕು ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಹರಡಬಲ್ಲದು.

ನಾವು ತಪ್ಪಿದ್ದು ಇಲ್ಲೇ. ಎರಡನೆಯ ಕೀಮೋದ ಹತ್ತನೆಯ ರಾತ್ರಿ 100.8 ಡಿಗ್ರಿ. ‘ಮಳೆಗೆ ಬಂದ ಜ್ವರ’ ಎಂದರು ಅತ್ತೆ. ನಾನು ಪ್ಯಾರಾಸಿಟಮಾಲ್ ಕೊಟ್ಟೆ, ಜ್ವರ ಇಳಿಯಿತು, ಮಲಗಿದೆವು. ಬೆಳಿಗ್ಗೆ ಐದಕ್ಕೆ ಹಲ್ಲು ಕಟಕಟಿಸುವ ಚಳಿ. ತುರ್ತು ವಿಭಾಗದಲ್ಲಿ ‘ಜ್ವರ’ ಎಂದಷ್ಟೇ ಹೇಳಿದ್ದಕ್ಕೆ ಮಲೇರಿಯಾ ಪರೀಕ್ಷೆಯ ಸಾಲಿನಲ್ಲಿ ನಿಲ್ಲಿಸಿದರು. ಮುಕ್ಕಾಲು ಗಂಟೆ ಹೋಯಿತು. ಐದು ದಿನ ಆಸ್ಪತ್ರೆಯಲ್ಲಿ ಆ್ಯಂಟಿಬಯಾಟಿಕ್ ಹನಿಯಿತು.

ಆದ್ದರಿಂದ ಡಿಜಿಟಲ್ ಥರ್ಮಾಮೀಟರ್ ಇರಲಿ. ಹಣೆ ಮುಟ್ಟಿ ನೋಡುವುದು ಸಾಲದು. 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ತಲುಪಿದರೆ ಎಷ್ಟು ಹೊತ್ತಾದರೂ ಹೊರಡಿ. ವೈದ್ಯರನ್ನು ಕೇಳದೆ ಜ್ವರದ ಮಾತ್ರೆ ಕೊಡಬೇಡಿ, ಅದು ಜ್ವರವನ್ನು ಮುಚ್ಚಿಡುತ್ತದೆ. ಕೌಂಟರಿನಲ್ಲಿ ಮೊದಲ ಮಾತೇ ‘ಕೀಮೋ ಆಗಿ ಹತ್ತನೆಯ ದಿನ, ಜ್ವರ ಬಂದಿದೆ’ ಎಂದಿರಲಿ. ರಾತ್ರಿ ಕರೆದರೆ ಬರುವ ಆಟೋದವರೊಬ್ಬರ ಸಂಖ್ಯೆ ಕ್ಯಾಲೆಂಡರಿನ ಅಂಚಿನಲ್ಲೇ ಇರಲಿ, ಮಕ್ಕಳ ಜೊತೆ ಬಂದು ಮಲಗುವ ನೆರೆಯವರದ್ದೂ.

ಊಟ, ಬಚ್ಚಲು

ಕುಚ್ಚಲಕ್ಕಿ ಗಂಜಿಯನ್ನು ಕಂಡುಹಿಡಿದವರಿಗೆ ನಾನು ಋಣಿ. ಬಿಸಿಬಿಸಿಯಾಗಿ, ಸ್ವಲ್ಪ ಸ್ವಲ್ಪ, ದಿನಕ್ಕೆ ಐದಾರು ಸಲ. ಕುದಿಸಿ ಆರಿಸಿದ ನೀರು, ಆಗಷ್ಟೇ ಮಾಡಿದ ಅಡುಗೆ. ರಸ್ತೆಬದಿಯ ಚುರುಮುರಿ, ಹಸಿ ಸಲಾಡ್, ನಿನ್ನೆಯ ಮೀನುಸಾರು ಬೇಡ. ಮೀನುಸಾರು ಮರುದಿನವೇ ರುಚಿ ಎಂಬುದು ನನಗೂ ಗೊತ್ತು. ಬಾಯಿಗೆ ಕಬ್ಬಿಣದ ರುಚಿ ಬರುತ್ತಿದ್ದರೆ ಸ್ಟೀಲ್ ಚಮಚ ಬಿಟ್ಟು ಮರದ್ದೋ ಪಿಂಗಾಣಿಯದ್ದೋ ಕೊಟ್ಟು ನೋಡಿ. ಲಕ್ಷ್ಮಣ ಫಲದ ಎಲೆ, ಗುಟ್ಟಿನ ಕಷಾಯ ಹಿಡಿದು ಬರುವವರಿಗೆ ಕೈಮುಗಿದು ತೆಗೆದುಕೊಳ್ಳಿ, ವೈದ್ಯರನ್ನು ಕೇಳದೆ ಕುಡಿಸಬೇಡಿ.

ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧ ಕೊಟ್ಟ ಮೇಲೆ ಒಂದೆರಡು ದಿನ ಮೂತ್ರ ಕೆಂಪಾಗುತ್ತದೆ; ಅದು ರಕ್ತವಲ್ಲ. ಕೀಮೋ ಆದ ಮೊದಲ 48 ಗಂಟೆ ವಾಂತಿ, ಮೂತ್ರ ತೊಳೆಯುವಾಗ ಕೈಗವಸು ಹಾಕಿ, ಕಮೋಡಿನ ಮುಚ್ಚಳ ಮುಚ್ಚಿ ಎರಡು ಸಲ ನೀರು ಬಿಡಿ.

ಮಕ್ಕಳಿಗೆ ಹೇಳುವುದು

ಹೇಳಲೇಬೇಕು, ಮತ್ತು ‘ಕ್ಯಾನ್ಸರ್’ ಎಂಬ ಹೆಸರಿಟ್ಟೇ ಹೇಳಬೇಕು. ‘ಹೊಟ್ಟೆನೋವು’ ಎಂದರೆ ಮುಂದೆ ಮಗುವಿಗೆ ಹೊಟ್ಟೆನೋವು ಬಂದಾಗ ಅದು ಹೆದರುತ್ತದೆ. ನಾವು ಕೀಮೋ ಶುರುವಾಗುವ ಮೊದಲಿನ ಭಾನುವಾರ ಇಬ್ಬರನ್ನೂ ಕೂರಿಸಿಕೊಂಡು ಮೂರು ವಿಷಯ ಹೇಳಿದೆವು: ಇದು ಅಂಟುವುದಿಲ್ಲ, ನಿಮ್ಮಿಂದ ಬಂದದ್ದಲ್ಲ, ನಿಮ್ಮನ್ನು ಶಾಲೆಗೆ ಕಳಿಸುವುದು, ಊಟ ಹಾಕುವುದು ಇಂಥವರು. ಮಗಳು ಅತ್ತಳು. ಮಗ ಕೇಳಿದ್ದು ‘ಅಮ್ಮನ ಪಕ್ಕ ಮಲಗಬಹುದಾ?’ ಎಂದು. ಮಲಗಬಹುದು. ಶೀತ ಇರುವ ದಿನ ಮಾತ್ರ ಬೇರೆ ಕೋಣೆ. ಹೊರಗಿನಿಂದ ಕೊಡುವ ವಿಕಿರಣ ಚಿಕಿತ್ಸೆಯ ದಿನಗಳಲ್ಲೂ ಅಪ್ಪಿಕೊಳ್ಳಲು ಅಡ್ಡಿಯಿಲ್ಲ, ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ. ತರಗತಿಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು ಎಂದು ತಿಳಿದರೆ ಅದೇ ದಿನ ಆಸ್ಪತ್ರೆಗೆ ತಿಳಿಸಿ.

ಕೂದಲು ಉದುರುವುದು ಎರಡು, ಮೂರು ವಾರದ ಹೊತ್ತಿಗೆ. ಅದಕ್ಕೆ ಮೊದಲೇ ಮಕ್ಕಳ ಎದುರಿನಲ್ಲೇ ಗಿಡ್ಡ ಕತ್ತರಿಸಿಕೊಂಡರೆ ದಿಂಬಿನ ಮೇಲಿನ ರಾಶಿ ಕಂಡು ಅವರು ಬೆಚ್ಚುವುದಿಲ್ಲ. ಕ್ಲಾಸ್ ಟೀಚರಿಗೂ ಹೇಳಿಡಿ.

ಯಾವ ಪುಸ್ತಕವೂ ಹೇಳದ ಒಂದು ಸಂಗತಿ: ಮಳೆ ರಜೆ. ಜಿಲ್ಲಾಧಿಕಾರಿಗಳು ರಜೆ ಘೋಷಿಸಿದ ಕ್ಷಣಕ್ಕೆ ನಮ್ಮ ಎಲ್ಲ ಏರ್ಪಾಡೂ ಕುಸಿಯುತ್ತದೆ. ಕೀಮೋ ದಿನವೇ ರೆಡ್ ಅಲರ್ಟ್ ಬಂದರೆ ಮಕ್ಕಳು ಯಾರ ಮನೆಗೆ ಎಂದು ಜೂನ್‌ನಲ್ಲೇ ಮಾತಾಡಿಟ್ಟುಕೊಳ್ಳಿ.

ಕೆಲಸಗಳನ್ನೆಲ್ಲ ಹಂಚಿದರೂ ಒಂದನ್ನು ಅವಳಿಂದ ಕಿತ್ತುಕೊಳ್ಳಬೇಡಿ. ನಮ್ಮಲ್ಲಿ ಅದು ಶಾಲೆಯ ಡೈರಿಗೆ ಸಹಿ. ನಾಲ್ಕನೆಯ ದಿನ ತಲೆ ಎತ್ತಲಾಗದಿದ್ದರೂ ಮಗ ಡೈರಿಯನ್ನು ಹಾಸಿಗೆಗೆ ಒಯ್ಯುತ್ತಿದ್ದ. ನಾನು ಸಹಿ ಹಾಕಿದ್ದು ಒಂದೇ ಸಲ. ಮಗನೂ ಸಿಟ್ಟಾದ, ಇವಳೂ ಸಿಟ್ಟಾದಳು.

ನೆಂಟರು, ದುಡ್ಡು

‘ಏನಾದರೂ ಬೇಕಾದರೆ ಹೇಳಿ’ ಎನ್ನುವವರಿಗೆ ಅಲ್ಲೇ ಹೇಳಿಬಿಡಿ: ‘ಮಂಗಳವಾರ ಮಗಳನ್ನು ಟ್ಯೂಷನ್ನಿಂದ ಕರೆತನ್ನಿ.’ ಸುದ್ದಿ ಹೇಳುವ ಕೆಲಸ ಒಬ್ಬರಿಗೆ ವಹಿಸಿ; ನಮ್ಮಲ್ಲಿ ಭಾವ ವಹಿಸಿಕೊಂಡರು. ಹದಿನಾಲ್ಕನೆಯ ದಿನದ ನಂತರದ ಚೇತರಿಕೆಯ ವಾರವನ್ನು ನೋಡಿಹೋಗುವವರಿಗೆ ಕೊಡಬೇಡಿ. ಅದು ಮಲ್ಪೆ ಕಡಲತೀರಕ್ಕೆ, ಶಾಲೆಯ ಸಭೆಗೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಸರ್ಕಾರ ಕೊಡುವುದು ಯೋಜನೆಯಲ್ಲಿ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷ ಮೀರದಂತೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಮೊದಲು ಪಡೆಯಿರಿ. ಮಂಗಳೂರಿನವರು ವೆನ್ಲಾಕ್‌ನಲ್ಲಿ, ಉಡುಪಿಯವರು ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಆಮೇಲೆ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಕಾಣಿ. ಬಿಲ್ಲು ಕಟ್ಟಿದ ಮೇಲೆ ಓಡಾಡುವುದಲ್ಲ ಇದು. ಚಿಕಿತ್ಸೆಗೆ ರೈಲಿನಲ್ಲಿ ದೂರ ಹೋಗುವವರಿಗೆ ಆಸ್ಪತ್ರೆಯ ಪ್ರಮಾಣಪತ್ರದ ಮೇಲೆ ಟಿಕೆಟ್ ರಿಯಾಯಿತಿಯೂ ಇದೆ.

ಕೊನೆಯ ಕೀಮೋ ಆದ ಮೇಲೂ ಕ್ಯಾಲೆಂಡರ್ ಇಳಿಸಬೇಡಿ. ಎದೆಯ ಬಳಿ ಕೀಮೋ ಪೋರ್ಟ್ (ಔಷಧ ಹರಿಸಲು ಚರ್ಮದಡಿ ಕೂರಿಸುವ ಪುಟ್ಟ ಸಾಧನ) ಹಾಕಿದ್ದರೆ ಅದನ್ನು ತೆಗೆಯುವವರೆಗೆ ಕಟ್ಟಿಕೊಳ್ಳದಂತೆ ವೈದ್ಯರು ಹೇಳಿದ ಅಂತರದಲ್ಲಿ ದ್ರವ ಹಾಯಿಸಿ ಫ್ಲಶ್ ಮಾಡಿಸುತ್ತಿರಬೇಕು. ಇಷ್ಟು ಬರೆಯುವ ನಾನು ಅದನ್ನೇ ಮರೆತಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಗ್ಯಾಸ್ ಬುಕ್ ಮಾಡಿದ ದಿನಾಂಕದ ಕೆಳಗೆ ಅವಳ ಅಕ್ಷರದಲ್ಲಿ ‘ಪೋರ್ಟ್, ಗುರುವಾರ, ನೀವು ರಜೆ ಹಾಕಬೇಡಿ’ ಎಂದಿತ್ತು.